ಅಂಗಾಲಿನ ಕರಿಯ ಚುಕ್ಕೆ

ಕೃಷ್ಣೆಯೂ ಭೀಮೆಯೂ ಹರಿಯುವ ನಮ್ಮ ಸೀಮೆಯಲ್ಲಿ ಮುಳ್ಳು ತುಳಿಯದ ಕಾಲುಂಟೆಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ಸುರಪುರದ ಗುಡ್ಡದ ಓರೆಯಲ್ಲಾಗಲಿ, ಶಹಾಪುರದಲ್ಲಿ ಮಲಗಿದ ಬುದ್ಧನಂತೆ ತೋರುವ ಬೆಟ್ಟದ ಕೆಳಗಣ ಹೊಲಗಳಲ್ಲಾಗಲಿ, ಯಾದಗಿರಿಯ ಕೋಟೆಯ ಬೆನ್ನಿನ ಹಾದಿಯಲ್ಲಾಗಲಿ ಜಾಲಿಯ ಮುಳ್ಳಿಗೆ ಎಂದೂ ಬರವಿಲ್ಲ. ಮುಳ್ಳು ಮುರಿಯುವುದು, ಅದನ್ನು ಇನ್ನೊಂದು ಮುಳ್ಳಿನಿಂದಲೋ ಪಿನ್ನಿನಿಂದಲೋ ತೆಗೆಯುವುದು, ತೆಗೆದ ಜಾಗಕ್ಕೆ ಸುಣ್ಣವನ್ನೋ ಎಣ್ಣೆಯನ್ನೋ ಹಚ್ಚಿ ಮರೆತುಬಿಡುವುದು ಇಲ್ಲಿಯ ರೈತನ ನಿತ್ಯದ ವ್ಯವಹಾರ. ಆದುದರಿಂದಲೇ ಅಂಗಾಲಿನಲ್ಲಿ ಕಂಡ ಒಂದು ಕರಿಯ ಚುಕ್ಕೆಯನ್ನು ಯಾರೂ ರೋಗವೆಂದು ಬಗೆಯುವುದಿಲ್ಲ.

ನನ್ನ ಸೋದರಮಾವನೂ ಬಗೆಯಲಿಲ್ಲ. ಸುರಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಆತನಿಗೆ ನಾಲ್ಕು ಎಕರೆ ಭೂಮಿಯಿದೆ. ನಾರಾಯಣಪುರದ ಕಾಲುವೆಯ ನೀರು ಬಂದ ಮೇಲೆ ಎರಡೆಕರೆಯಲ್ಲಿ ಭತ್ತ, ಉಳಿದುದರಲ್ಲಿ ಹತ್ತಿ, ತೊಗರಿ. ಎರಡು ವರ್ಷಗಳ ಹಿಂದೆ ದೀಪಾವಳಿಯ ರಜೆಗೆ ಹೋದಾಗ ಆತನು ಕಟ್ಟೆಯ ಮೇಲೆ ಕುಳಿತು ಬಲಗಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನ ಬುಡವನ್ನು ಪಿನ್ನಿನಿಂದ ಕೆದಕುತ್ತಿದ್ದನು. ಎಂಟಾಣೆಯ ನಾಣ್ಯದಷ್ಟು ಅಗಲದ ಕಪ್ಪು ಕಲೆ. ಅಂಚು ಒಂದೆಡೆ ಕಂದು, ಇನ್ನೊಂದೆಡೆ ಮಸಿಗಪ್ಪು. ನಡುವೆ ಸ್ವಲ್ಪ ಉಬ್ಬಿ ಒಸರುತ್ತಿತ್ತು. “ಏನಾಗ್ಯದ ಮಾಮಾ?” ಎಂದೆ. “ಮುಳ್ಳು ಮುರದದ ಅಳ್ಯಾ. ವರ್ಷ ಆತು, ಒಳಗೇ ಕುಂತದ” ಎಂದು ನಕ್ಕನು. ಅತ್ತೆಯು ಒಳಗಿನಿಂದಲೇ, “ಕಾಲಾಗ ಮಚ್ಚಿ ಇದ್ದವರು ಊರೂರು ತಿರಗತಾರಂತ. ಇವರು ಹೊಲ ಬಿಟ್ಟು ಎಲ್ಲಿಗೂ ಹೋದವರಲ್ಲ” ಎಂದು ಹಾಸ್ಯ ಮಾಡಿದಳು. ಅಂದು ನಾನೂ ಅವರೊಡನೆ ನಕ್ಕೆನು. ಇದನ್ನು ಬರೆಯುವುದಕ್ಕೆ ಆ ನಗೆಯೂ ಒಂದು ಕಾರಣ.

ವಾಚಕರು ಈ ರೋಗದ ಹೆಸರನ್ನು ಕೇಳಿರಬಹುದು, ಕೇಳದೆಯೂ ಇರಬಹುದು. ಮೆಲನೋಮ ಎಂದು ವೈದ್ಯರು ಇದನ್ನು ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಮೆಲಾಸ್’ ಎಂದರೆ ಕಪ್ಪು. ನಮ್ಮ ಚರ್ಮದಲ್ಲಿ ಬಣ್ಣವನ್ನು ತಯಾರಿಸುವ ಕೆಲವು ಜೀವಕೋಶಗಳುಂಟು. ಅವು ಉತ್ಪಾದಿಸುವ ಮೆಲನಿನ್ ಎಂಬ ಬಣ್ಣವೇ ನಮ್ಮನ್ನು ಈ ಕಡುಬಿಸಿಲಿನಿಂದ ಕಾಪಾಡುತ್ತಿರುವುದು. ಆ ಕೋಶಗಳು ಅಂಕೆ ಮೀರಿ ಬೆಳೆದರೆ ಹುಟ್ಟುವ ಅರ್ಬುದವೇ ಮೆಲನೋಮ. ಚರ್ಮದ ಇತರ ಕ್ಯಾನ್ಸರುಗಳು ಬಹುಮಟ್ಟಿಗೆ ಇದ್ದಲ್ಲಿಯೇ ಹುಣ್ಣಾಗಿ ಬೆಳೆಯುತ್ತವೆ. ಇದಾದರೋ ದುಗ್ಧನಾಳಗಳಲ್ಲಿಯೂ ರಕ್ತದಲ್ಲಿಯೂ ಹರಿದು ಶ್ವಾಸಕೋಶ, ಯಕೃತ್ತು, ಮೆದುಳುಗಳಲ್ಲಿ ನೆಲೆಯೂರಬಲ್ಲುದು.

ಬಿಳಿಯ ಚರ್ಮದ ಜನರಲ್ಲಿ ಇದಕ್ಕೆ ಬಿಸಿಲೇ ಮುಖ್ಯ ಕಾರಣ. ಜಗತ್ತಿನಲ್ಲಿ ಈ ರೋಗವು ಅತಿ ಹೆಚ್ಚಾಗಿರುವುದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ. ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲನ್ನು ನೋಡಿದಾಗಲೆಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಈ ಉರಿಬಿಸಿಲಿನಲ್ಲಿ ವರ್ಷಗಟ್ಟಲೆ ಕಳೆದ ಮೆಡೋಸ್ ಟೇಲರ್ ಸಾಹೇಬನ ಚರ್ಮಕ್ಕೆ ಎಂಥ ಪರೀಕ್ಷೆಯಾಗಿರಬೇಕೆಂದು ನನಗೆ ಅನ್ನಿಸುವುದುಂಟು. ನಮ್ಮವರಲ್ಲಿ ಈ ರೋಗ ವಿರಳ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬಾರದು. ಆದರೆ ಬಂದಾಗ ಅದು ಆರಿಸಿಕೊಳ್ಳುವ ಜಾಗವೇ ಬೇರೆ. ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಅಡಿ! ಅಲ್ಲಿ ಹುಟ್ಟುವ ಬಗೆಗೆ ಬಿಸಿಲು ಕಾರಣವಲ್ಲ. ಮುಳ್ಳು ಚುಚ್ಚಿದ್ದರಿಂದಲೇ ಬರುತ್ತದೆಂಬುದೂ ಸಿದ್ಧವಾಗಿಲ್ಲ. ಭಾರ ಹೊರುವ ಅಂಗಾಲಿನ ಮೇಲೆ ಬೀಳುವ ಒತ್ತಡಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಕೆಲವು ವಿಜ್ಞಾನಿಗಳು ಶಂಕಿಸಿದ್ದಾರೆ.

ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವ ರೂಢಿ ನಮ್ಮಲ್ಲಿ ಎಷ್ಟು ಜನರಿಗಿದೆ? ನೋಡಿಕೊಂಡರೂ ಆಣಿಯೆಂದೋ, ಕಲ್ಲು ಒತ್ತಿ ರಕ್ತ ಹೆಪ್ಪುಗಟ್ಟಿದೆಯೆಂದೋ, ಉಗುರುಸುತ್ತೆಂದೋ ಸಮಾಧಾನ ಹೇಳಿಕೊಳ್ಳುತ್ತೇವೆ. ರಕ್ತ ಹೆಪ್ಪುಗಟ್ಟಿದ ಕಪ್ಪು ಕೆಲವು ವಾರಗಳಲ್ಲಿ ಮಾಸುತ್ತದೆ, ಉಗುರಿನದಾದರೆ ಉಗುರಿನೊಡನೆ ಮುಂದೆ ಸರಿಯುತ್ತದೆ. ಮಾಸದೆ ಹರಡುವ ಕಲೆ, ಒಂದು ಅರ್ಧದಂತೆ ಇನ್ನೊಂದು ಅರ್ಧವಿಲ್ಲದ ಕಲೆ, ಅಂಚು ಕಚ್ಚುಕಚ್ಚಾಗಿರುವ ಕಲೆ, ಒಂದರಲ್ಲೇ ಎರಡು ಮೂರು ಬಣ್ಣಗಳಿರುವ ಕಲೆ, ಆರು ಮಿಲಿಮೀಟರಿಗಿಂತ ಅಗಲವಾಗುತ್ತ ಹೋಗುವ ಕಲೆ—ಇವು ವೈದ್ಯರ ಕಣ್ಣಿಗೆ ಬೀಳಲೇಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಕರಿಯ ಗೀಟು ಮೂಡಿ, ಅಗಲವಾಗಿ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದರೆ ತಡಮಾಡತಕ್ಕದ್ದಲ್ಲ. ನಮ್ಮಂಥ ಕಂದು ಬಣ್ಣದವರ ಹಲವು ಉಗುರುಗಳಲ್ಲಿ ಇಂಥ ಗೀಟುಗಳು ಸಹಜವಾಗಿಯೇ ಇರುತ್ತವೆ, ಅವಕ್ಕೆ ಹೆದರಬೇಕಾಗಿಲ್ಲ. ಕೆಲವೊಮ್ಮೆ ಈ ರೋಗಕ್ಕೆ ಕಪ್ಪು ಬಣ್ಣವೇ ಇರುವುದಿಲ್ಲ. ಮಾಯದ ಕೆಂಪು ಹುಣ್ಣಿನಂತೆ ಕಂಡು ವೈದ್ಯರನ್ನೂ ಮೋಸಗೊಳಿಸುತ್ತದೆ.

ನನ್ನ ಮಾವನ ಕಲೆಗೆ ಮೊದಲು ಕೇರುಬೀಜದ ಎಣ್ಣೆಯನ್ನು ಕಾಯಿಸಿ ಇಟ್ಟರು. ಸುಟ್ಟು ಹುಣ್ಣಾಯಿತು. ಬಳಿಕ ಹತ್ತಿರದ ಪಟ್ಟಣದ ಒಬ್ಬ ಡಾಕ್ಟರು ಕೆರೆದು ಪಟ್ಟಿ ಕಟ್ಟುತ್ತ ಮೂರು ತಿಂಗಳು ಕಳೆದರು. ಕೆರೆದುದನ್ನು ಪರೀಕ್ಷೆಗೆ ಕಳಿಸಬೇಕೆಂದು ಅವರಿಗೂ ಹೊಳೆಯಲಿಲ್ಲ, ಕೇಳಬೇಕೆಂದು ನಮಗೂ ತಿಳಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾನೇ ಹಟಹಿಡಿದು ಕಲಬುರಗಿಗೆ ಕರೆದುಕೊಂಡು ಹೋದೆ. ಅಲ್ಲಿಯ ಶಸ್ತ್ರವೈದ್ಯರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ನೋಡಿದರು. “ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ” ಎಂದರು.

ಇಲ್ಲಿ ಒಂದು ಮಾತು. ಗಂಟಿಗೆ ಕಬ್ಬಿಣ ತಾಗಿದರೆ ಅದು ಮೈಯೆಲ್ಲ ಹರಡುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಚೂರು ತೆಗೆದು ಪರೀಕ್ಷಿಸುವುದರಿಂದ ಈ ರೋಗವು ಹರಡುವುದಿಲ್ಲ. ಆ ಪರೀಕ್ಷೆಯಿಲ್ಲದೆ ಮುಂದಿನ ಚಿಕಿತ್ಸೆಯ ಒಂದು ಹೆಜ್ಜೆಯನ್ನೂ ಇಡಲಾಗದು. ಏಕೆಂದರೆ, ಮೆಲನೋಮದಲ್ಲಿ ಎಲ್ಲವನ್ನೂ ನಿರ್ಣಯಿಸುವುದು ಆಳ. ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಅಮೆರಿಕದ ವೈದ್ಯನು 1970ರಲ್ಲಿ ಗೆಡ್ಡೆಯ ದಪ್ಪವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಅಳೆದು, ರೋಗಿಯ ಭವಿಷ್ಯವು ಕಲೆಯ ಅಗಲಕ್ಕಿಂತ ಅದರ ಆಳವನ್ನು ಅವಲಂಬಿಸಿದೆಯೆಂದು ತೋರಿಸಿಕೊಟ್ಟನು. ಒಂದು ಮಿಲಿಮೀಟರ್, ಅಂದರೆ ಸಣ್ಣ ಸಾಸಿವೆಯ ಕಾಳಿನಷ್ಟು ದಪ್ಪಕ್ಕಿಂತ ಕಡಿಮೆಯಿರುವಾಗಲೇ ಕತ್ತರಿಸಿ ತೆಗೆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಉಳಿದು ಬಾಳುತ್ತಾರೆ. ನಾಲ್ಕು ಮಿಲಿಮೀಟರನ್ನು ದಾಟಿದರೆ ಮಾತೇ ಬೇರೆ. ಮಾವನ ವರದಿಯಲ್ಲಿ ಮೂರು ಮಿಲಿಮೀಟರಿಗಿಂತ ಸ್ವಲ್ಪ ಮೇಲೆ ಎಂದಿತ್ತು.

ಶಸ್ತ್ರಕ್ರಿಯೆಯೇ ಇದಕ್ಕೆ ಮೊದಲನೆಯ ಮತ್ತು ಮುಖ್ಯ ಚಿಕಿತ್ಸೆ. ಇದರ ಇತಿಹಾಸವೂ ಸ್ವಾರಸ್ಯವುಳ್ಳದ್ದು. ಲಂಡನ್ನಿನ ಜಾನ್ ಹಂಟರ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನು 1787ರಲ್ಲಿ ಒಬ್ಬನ ದವಡೆಯ ಬಳಿಯ ಗೆಡ್ಡೆಯನ್ನು ಕೊಯ್ದು ತೆಗೆದು ಜಾಡಿಯಲ್ಲಿರಿಸಿದನು. ಅದು ಮೆಲನೋಮವೆಂದು ಖಚಿತವಾದದ್ದು 1968ರಲ್ಲಿ! ಸ್ಟೆತಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲೆನೆಕ್ ಮಹಾಶಯನೇ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದನು. 1907ರಲ್ಲಿ ಹ್ಯಾಂಡ್ಲಿ ಎಂಬ ಇಂಗ್ಲಿಷ್ ವೈದ್ಯನು ಸುತ್ತಲಿನ ಚರ್ಮವನ್ನು ವಿಶಾಲವಾಗಿ ಕತ್ತರಿಸಬೇಕೆಂದು ಉಪನ್ಯಾಸವಿತ್ತ ಮೇಲೆ, ದಶಕಗಳವರೆಗೆ ಸುತ್ತಲೂ ಐದು ಸೆಂಟಿಮೀಟರ್ ಆರೋಗ್ಯವಂತ ಚರ್ಮವನ್ನೂ ತೆಗೆಯುವ ಪದ್ಧತಿಯಿತ್ತು. ಪಾದದಲ್ಲಿ ಐದು ಸೆಂಟಿಮೀಟರ್ ಬಿಟ್ಟರೆ ಉಳಿಯುವುದೇನು? ಈಗ ಅಷ್ಟು ಬೇಡವೆಂದು ಸಿದ್ಧವಾಗಿದೆ. ತೆಳುವಾದ ಗೆಡ್ಡೆಗೆ ಸುತ್ತಲೂ ಒಂದು ಸೆಂಟಿಮೀಟರ್, ದಪ್ಪನೆಯದಕ್ಕೆ ಎರಡು ಸೆಂಟಿಮೀಟರ್ ಸಾಕು. ತೆಗೆದ ಜಾಗಕ್ಕೆ ತೊಡೆಯ ಚರ್ಮವನ್ನು ಕಸಿಮಾಡುವುದುಂಟು. ಬೆರಳಿಗೆ ತೀರ ಹತ್ತಿರವಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತದೆ.

ಮಾವನಿಗೆ ಹೇಳಿದ್ದೂ ಅದನ್ನೇ. ಹೆಬ್ಬೆರಳು ಹೋಗುತ್ತದೆ, ಪಾದ ಉಳಿಯುತ್ತದೆ. ಆತನು ಎದ್ದು ನಿಂತು ಚಪ್ಪಲಿ ಮೆಟ್ಟಿಕೊಂಡನು. “ಹೆಬ್ಬಟ್ಟು ಕಡದ್ರ ರಾಡ್ಯಾಗ ಹ್ಯಾಂಗ ನಿಲ್ಲಲಿ ಅಳ್ಯಾ? ನಾಟಿ ಹಚ್ಚೋರು ಯಾರು?” ಎಂದನು. ನನ್ನ ಎಂ.ಎ. ಪದವಿಯೆಲ್ಲ ಆ ಪ್ರಶ್ನೆಯ ಮುಂದೆ ಮೂಕವಾಯಿತು. ಕೆಸರುಗದ್ದೆಯಲ್ಲಿ ಮನುಷ್ಯನು ನೆಲವನ್ನು ಹಿಡಿಯುವುದು ಹೆಬ್ಬೆರಳಿನಿಂದ ಎಂಬುದನ್ನು ಪುಸ್ತಕದವನಾದ ನಾನು ಅಂದಿನವರೆಗೆ ಯೋಚಿಸಿರಲೇ ಇಲ್ಲ.

ಜಗದ್ವಿಖ್ಯಾತನಾದ ಒಬ್ಬ ಗಾಯಕನೂ ಹೀಗೆಯೇ ಒಪ್ಪಲಿಲ್ಲ. ಜಮೈಕಾ ದ್ವೀಪದ ಬಾಬ್ ಮಾರ್ಲೆಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಅಡಿಯಲ್ಲಿ ಇದೇ ರೋಗವು ಪತ್ತೆಯಾಯಿತು. ಬೆರಳನ್ನು ತೆಗೆಸುವುದಕ್ಕೆ ಆತನು ಸಮ್ಮತಿಸದೆ ಸಣ್ಣ ಶಸ್ತ್ರಕ್ರಿಯೆಯಲ್ಲಿಯೇ ತೃಪ್ತನಾದನು. ರೋಗವು ಮೆದುಳು, ಶ್ವಾಸಕೋಶಗಳಿಗೆ ಹಬ್ಬಿ 1981ರ ಮೇ 11ರಂದು, ಮೂವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಈ ಕಥೆಯನ್ನು ನಾನು ಮಾವನಿಗೆ ಹೇಳಿದೆ. “ಅಂವ ಹಾಡವ, ಕುಂತು ಹಾಡಬಹುದಿತ್ತು” ಎಂದನು.

ನಾಲ್ಕು ತಿಂಗಳು ಹೀಗೆಯೇ ಹೋಯಿತು. ಬೇಸಗೆಯ ನಡುವೆ ಆತನ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿತು. ಅದನ್ನು ಕಂಡು ಮೊದಲು ಅತ್ತವಳು ಅತ್ತೆ. ಮಾವನು ಮರುದಿನ ತಾನೇ ಫೋನು ಮಾಡಿ, “ಯಾವಾಗ ಹೋಗೂದು?” ಎಂದು ಕೇಳಿದನು.

ಅಂಗಾಲಿನ ರೋಗವು ಮೊದಲು ಹೋಗಿ ತಂಗುವುದು ತೊಡೆಸಂದಿನ ದುಗ್ಧಗ್ರಂಥಿಗಳಲ್ಲಿ. ಗಂಟು ಕೈಗೆ ಸಿಗುವ ಮೊದಲೇ ರೋಗ ಅಲ್ಲಿಗೆ ಮುಟ್ಟಿದೆಯೇ ಎಂದು ತಿಳಿಯುವ ಉಪಾಯವನ್ನು ಡೊನಾಲ್ಡ್ ಮಾರ್ಟನ್ ಎಂಬ ಅಮೆರಿಕದ ಶಸ್ತ್ರವೈದ್ಯನು 1992ರಲ್ಲಿ ಪ್ರಕಟಿಸಿದನು. ಕಲೆಯ ಸುತ್ತ ನೀಲಿ ಬಣ್ಣವನ್ನು ಚುಚ್ಚಿ, ಅದು ಹರಿದು ಮೊದಲು ಸೇರುವ ಗ್ರಂಥಿಯನ್ನು ಹುಡುಕಿ ತೆಗೆದು ಪರೀಕ್ಷಿಸುತ್ತಾರೆ. ಊರಿನ ಅಗಸಿಯಲ್ಲಿ ಕುಳಿತ ಕಾವಲುಗಾರನನ್ನು ವಿಚಾರಿಸಿದಂತೆ. ಅದರಲ್ಲಿ ಅಲ್ಪಸ್ವಲ್ಪ ರೋಗ ಕಂಡ ಮಾತ್ರಕ್ಕೆ ಉಳಿದ ಗ್ರಂಥಿಗಳನ್ನೆಲ್ಲ ಕಿತ್ತುಹಾಕುವುದರಿಂದ ಆಯುಸ್ಸು ಹೆಚ್ಚುವುದಿಲ್ಲವೆಂದು 2017ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದು ತೋರಿಸಿದೆ. ಆದರೆ ಮಾವನಂತೆ ಗಂಟು ಕಣ್ಣಿಗೇ ಕಾಣುವಾಗ ಆ ಗ್ರಂಥಿಗಳನ್ನು ತೆಗೆಯಲೇಬೇಕಾಗುತ್ತದೆ. ತೆಗೆದ ಮೇಲೆ ಕಾಲು ಬಾತುಕೊಳ್ಳುವ ತೊಂದರೆ ಹಲವರಿಗೆ ಉಳಿಯುತ್ತದೆ. ಆತನಿಗೆ ಹೆಬ್ಬೆರಳೂ ಹೋಯಿತು, ಗ್ರಂಥಿಗಳೂ ಹೋದವು. ಎದೆ, ಹೊಟ್ಟೆ, ಮೆದುಳುಗಳ ಸ್ಕ್ಯಾನಿಂಗಿನಲ್ಲಿ ಬೇರೆಲ್ಲಿಯೂ ರೋಗ ಕಾಣಲಿಲ್ಲವೆಂಬುದೇ ನಮ್ಮ ಪುಣ್ಯ.

ಇನ್ನು ಔಷಧಗಳ ಮಾತು. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ, ದೂರದ ಅವಯವಗಳಿಗೆ ಹಬ್ಬಿದ ಮೆಲನೋಮಕ್ಕೆ ಮದ್ದಿರಲಿಲ್ಲವೆಂದರೂ ಸಲ್ಲುವುದು. 1975ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಡಕಾರ್ಬಜೀನ್ ಎಂಬ ಔಷಧವೇ ಮೂರು ದಶಕಗಳ ಕಾಲ ಮುಖ್ಯ ಆಸರೆ. ಅದರಿಂದ ಕೆಲವರಿಗಷ್ಟೇ ಗೆಡ್ಡೆ ಕರಗುತ್ತಿತ್ತು, ಅದೂ ಕೆಲವು ತಿಂಗಳ ಮಟ್ಟಿಗೆ. ಬಹುಪಾಲು ರೋಗಿಗಳು ಒಂದು ವರ್ಷದೊಳಗೆ ತೀರಿಹೋಗುತ್ತಿದ್ದರು. ವಿಕಿರಣ ಚಿಕಿತ್ಸೆಗೂ ಈ ರೋಗವು ಅಷ್ಟಾಗಿ ಬಗ್ಗದು. ಮೆದುಳಿನ ಸಣ್ಣ ಗೆಡ್ಡೆಗಳಿಗೆ ಗುರಿಯಿಟ್ಟು ಬಿಡುವ ಕಿರಣ, ಎಲುಬಿನ ನೋವಿನ ಶಮನ, ಇಂಥ ಸಂದರ್ಭಗಳಲ್ಲಿ ಅದರ ಪ್ರಯೋಜನವಿದೆ.

ಪರಿಸ್ಥಿತಿಯು ತಿರುಗಿದ್ದು 2011ರಲ್ಲಿ. ನಮ್ಮ ರಕ್ತದಲ್ಲಿ ಪರಕೀಯವಾದುದನ್ನು ಹುಡುಕಿ ಕೊಲ್ಲುವ ಬಿಳಿಯ ಕಣಗಳುಂಟಷ್ಟೆ. ಅವು ಮಿತಿಮೀರಿ ನಮ್ಮ ದೇಹವನ್ನೇ ತಿನ್ನದಂತೆ ಪ್ರಕೃತಿಯು ಅವಕ್ಕೆ ಲಗಾಮು ಹಾಕಿದೆ. ಕ್ಯಾನ್ಸರು ಮಹಾ ಮಾಯಾವಿ. ಆ ಲಗಾಮನ್ನು ತಾನೇ ಜಗ್ಗಿ ಹಿಡಿದು ಕಾವಲುಪಡೆಯನ್ನು ನಿಲ್ಲಿಸಿಬಿಡುತ್ತದೆ. ಆ ಲಗಾಮನ್ನು ಸಡಿಲಿಸಿದರೆ ದೇಹವೇ ರೋಗದೊಡನೆ ಹೋರಾಡೀತೆಂದು ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ತೋರಿಸಿಕೊಟ್ಟರು. 2018ರ ನೊಬೆಲ್ ಬಹುಮಾನವು ಇಬ್ಬರಿಗೂ ಸಂದಿತು. ಆ ತತ್ತ್ವದ ಮೇಲೆ ಹುಟ್ಟಿದ ಇಪಿಲಿಮುಮಾಬ್ 2011ರಲ್ಲಿಯೂ, ಪೆಂಬ್ರೊಲಿಜುಮಾಬ್ ಹಾಗೂ ನಿವೊಲುಮಾಬ್ 2014ರಲ್ಲಿಯೂ ಬಳಕೆಗೆ ಬಂದವು. ಹಬ್ಬಿದ ರೋಗವಿದ್ದವರಿಗೆ ನಿವೊಲುಮಾಬ್, ಇಪಿಲಿಮುಮಾಬ್ ಎರಡನ್ನೂ ಕೂಡಿಸಿ ಕೊಟ್ಟ ಪ್ರಯೋಗವೊಂದರಲ್ಲಿ ಹತ್ತು ವರ್ಷಗಳ ನಂತರವೂ ನೂರಕ್ಕೆ 43 ಜನ ಬದುಕಿದ್ದರೆಂದು 2024ರಲ್ಲಿ ವರದಿಯಾಯಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರರ ಯಕೃತ್ತಿಗೂ ಮೆದುಳಿಗೂ ಮೆಲನೋಮ ಹಬ್ಬಿದ್ದು 2015ರಲ್ಲಿ ತಿಳಿದುಬಂದಿತ್ತು. ಆಗಲೇ ತೊಂಬತ್ತರ ವೃದ್ಧರು. ಶಸ್ತ್ರಕ್ರಿಯೆ, ವಿಕಿರಣ, ಪೆಂಬ್ರೊಲಿಜುಮಾಬುಗಳ ಚಿಕಿತ್ಸೆ ಪಡೆದ ಅವರು ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ, ನೂರು ವರ್ಷ ತುಂಬಿದ ಮೇಲೆ!

ಲಗಾಮು ಬಿಟ್ಟ ಕುದುರೆ ಸವಾರನನ್ನೇ ಕೆಡವುವುದೂ ಉಂಟು. ಈ ಔಷಧಗಳಿಂದ ಕರುಳಿನಲ್ಲಿ ಉರಿಯೂತ ಹುಟ್ಟಿ ಭೇದಿಯಾಗಬಹುದು. ಯಕೃತ್ತು, ಶ್ವಾಸಕೋಶ, ಥೈರಾಯ್ಡ್ ಗ್ರಂಥಿಗಳು ಕೆಡಬಹುದು. ಬೇಗನೆ ತಿಳಿಸಿದರೆ ವೈದ್ಯರು ಹತೋಟಿಗೆ ತರಬಲ್ಲರು. ಹಳ್ಳಿಯಲ್ಲಿ ಭೇದಿಯಾದರೆ ಮಜ್ಜಿಗೆ ಕುಡಿದು ಮಲಗುವ ನಮ್ಮವರು ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಮಾತ್ರೆಗಳ ಇನ್ನೊಂದು ದಾರಿಯೂ ಇದೆ. ಬಿಳಿಯರ ಮೆಲನೋಮಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬಿ-ರಾಫ್ ಎಂಬ ಜೀನು ಕೆಟ್ಟಿರುತ್ತದೆ. ಅಂಥವರಿಗೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಮಾತ್ರೆಗಳ ಜೋಡಿಯಿಂದ ಗೆಡ್ಡೆಗಳು ಬೇಗ ಕುಗ್ಗುತ್ತವೆ. ಅಂಗಾಲಿನ ಬಗೆಯಲ್ಲಿ ಆ ದೋಷವು ಬಹಳ ಕಡಿಮೆ. ಕೆಲವರಲ್ಲಿ ಕಿಟ್ ಎಂಬ ಬೇರೊಂದು ಜೀನಿನ ದೋಷವಿದ್ದು, ಅವರಿಗೆ ಇಮಾಟಿನಿಬ್ ಮಾತ್ರೆ ಉಪಯೋಗಕ್ಕೆ ಬರಬಹುದು. ನಿರೋಧಶಕ್ತಿಯ ಔಷಧಗಳೂ ಅಂಗಾಲಿನ ಬಗೆಯ ಮೇಲೆ ಅಷ್ಟು ಬಲವಾಗಿ ಕೆಲಸಮಾಡುವುದಿಲ್ಲ. ಇದು ಕಹಿಯಾದ ಮಾತಾದರೂ ಹೇಳದೆ ವಿಧಿಯಿಲ್ಲ. ದೊಡ್ಡ ಪ್ರಯೋಗಗಳೆಲ್ಲ ಬಹುತೇಕ ಬಿಳಿಯ ಚರ್ಮದವರ ಮೇಲೆ ನಡೆದಂಥವು; ನಮ್ಮ ಪಾದದ ರೋಗವು ಆ ಲೆಕ್ಕದೊಳಗೆ ಸರಿಯಾಗಿ ಬಂದೇ ಇಲ್ಲ.

ಶಸ್ತ್ರಕ್ರಿಯೆಯಾದ ಮೇಲೆ ಮಾವನ ಮುಂದೆ ಬಂದು ನಿಂತದ್ದು ಇದೇ ಪ್ರಶ್ನೆ. ಗ್ರಂಥಿಗೆ ಮುಟ್ಟಿದ್ದ ರೋಗವು ಮರಳಿ ಬಾರದಂತೆ ಒಂದು ವರ್ಷ ಪೆಂಬ್ರೊಲಿಜುಮಾಬ್ ಕೊಡುವ ಪದ್ಧತಿಯಿದೆ. ಮರುಕಳಿಸುವ ಸಂಭವವು ಅದರಿಂದ ಗಣನೀಯವಾಗಿ ತಗ್ಗುತ್ತದೆ. ಕತ್ತರಿಸುವ ಮೊದಲೇ ಕೆಲವು ಸಲ ಕೊಟ್ಟರೆ ಇನ್ನೂ ಒಳ್ಳೆಯದೆಂದು 2023 ಮತ್ತು 2024ರ ಪ್ರಯೋಗಗಳು ಹೇಳಿವೆ. ಆದರೆ ಬೆಲೆ! ವರ್ಷದ ಖರ್ಚು ಹತ್ತಾರು ಲಕ್ಷಗಳನ್ನು ಮುಟ್ಟುತ್ತದೆ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ‘ಆರೋಗ್ಯಮಿತ್ರ’ ಎಂಬ ಸಿಬ್ಬಂದಿಯಿರುತ್ತಾರೆ. ಯಾವ ಚಿಕಿತ್ಸೆ ಅದರೊಳಗೆ ಬರುತ್ತದೆ, ಯಾವುದು ಬಾರದು ಎಂಬುದನ್ನು ದಾಖಲಾಗುವ ಮೊದಲೇ ಅವರನ್ನು ಕೇಳಿ ತಿಳಿಯಬೇಕು. ಬೆಲೆಯ ಈ ಗೋಡೆಯನ್ನು ಒಡೆಯಲು ನಮ್ಮ ದೇಶದಲ್ಲಿಯೂ ಯತ್ನಗಳು ನಡೆದಿವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ತಲೆ-ಕುತ್ತಿಗೆಯ ಕ್ಯಾನ್ಸರಿನ ರೋಗಿಗಳಿಗೆ ನಿವೊಲುಮಾಬನ್ನು ರೂಢಿಯ ಪ್ರಮಾಣದ ಒಂದು ಸಣ್ಣ ಪಾಲು, ಕೇವಲ 20 ಮಿಲಿಗ್ರಾಮಿನಷ್ಟು, ಇತರ ಔಷಧಗಳೊಡನೆ ಕೊಟ್ಟು ಆಯುಸ್ಸು ಹೆಚ್ಚಿದುದನ್ನು 2022ರಲ್ಲಿ ಪ್ರಕಟಿಸಿದರು. ಅದು ಮೆಲನೋಮವಲ್ಲ, ಆದರೂ ಬಡವರ ಕಡೆಗೆ ಮುಖಮಾಡಿದ ವಿಜ್ಞಾನವದು, ನನಗೆ ಅದರಲ್ಲಿ ಬಹಳ ಆಸೆಯಿದೆ.

ಮಾವನ ಮಗನು ಎರಡೆಕರೆ ಮಾರಲು ಸಿದ್ಧನಾದನು. ಗಿರಾಕಿಯೂ ಬಂದಿದ್ದನು. ಮಾವನು ವೈದ್ಯರನ್ನೇ ನೇರವಾಗಿ ಕೇಳಿದನು: “ಸಾಹೇಬರ, ಹೊಲ ಮಾರಿದ್ರ ನಾ ಖಾತ್ರಿ ಉಳಿತೀನೇನ್ರಿ?” ಅವರು ಸುಳ್ಳು ಹೇಳಲಿಲ್ಲ. ಮರುಕಳಿಸುವುದು ತಗ್ಗಬಹುದು, ಖಾತ್ರಿಯಿಲ್ಲ, ಈ ಬಗೆಯಲ್ಲಿ ಲಾಭ ಇನ್ನೂ ಕಡಿಮೆಯಿರಬಹುದು ಎಂದರು. ಔಷಧ ಬೇಡವೆನ್ನುವುದಾದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬಂದು ತೋರಿಸಬೇಕೆಂದೂ, ನಡುವೆ ಗಂಟೇನಾದರೂ ಕಂಡರೆ ಅಂದೇ ಹೊರಡಬೇಕೆಂದೂ ಹೇಳಿದರು. ಮಾವನು ಹೊಲವನ್ನು ಉಳಿಸಿಕೊಂಡನು. ಇದು ಸರಿಯೋ ತಪ್ಪೋ ಎಂದು ನಾನು ಹಲವು ರಾತ್ರಿ ಯೋಚಿಸಿದ್ದೇನೆ. ಸಂಬಳದವನಾದ ನಾನು ಆತನಿಗೆ ಬುದ್ಧಿ ಹೇಳುವುದು ಸುಲಭ.

ನಮ್ಮ ಮೂರು ಊರುಗಳವರಿಗೆ ದಾರಿ ಯಾವುದು? ಯಾದಗಿರಿಯು 2010ರಲ್ಲಿ ಜಿಲ್ಲೆಯಾಯಿತು. ಅಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಕಲೆಯೊಂದರ ಚೂರು ತೆಗೆಸಿ ಪರೀಕ್ಷೆ ಮಾಡಿಸುವುದಕ್ಕೆ ದೂರ ಹೋಗಬೇಕಾದ ಕಾರಣವಿಲ್ಲ. ಮುಂದಿನ ಚಿಕಿತ್ಸೆಗೆ, 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯ ಶಾಖೆಯೊಂದು ಕಲಬುರಗಿಯಲ್ಲಿಯೇ ಇದೆ. ಹಳಬರು ಹೈದರಾಬಾದಿನ ಹಾದಿಯನ್ನು ಮರೆತಿಲ್ಲ. ಅಲ್ಲಿಯ ಮೆಹದಿ ನವಾಜ್ ಜಂಗ್ ಆಸ್ಪತ್ರೆಯು 1955ರಲ್ಲಿ ತೆರೆದಾಗ ನಾವೂ ಹೈದರಾಬಾದು ರಾಜ್ಯದವರೇ ಆಗಿದ್ದೆವಲ್ಲ! ಬೆಂಗಳೂರಿಗೆ ಹೋಗುವುದಾದರೆ ಯಾದಗಿರಿಯಲ್ಲಿ ರೈಲು ಹತ್ತಬೇಕು. ಶಹಾಪುರ, ಸುರಪುರಗಳಿಗೆ ರೈಲೇ ಇಲ್ಲ. ಕಾಲು ಬಾತ ರೋಗಿಯನ್ನು ಕೆಂಪು ಬಸ್ಸಿನಲ್ಲಿ ನಿಲ್ಲಿಸಿಕೊಂಡು ಯಾದಗಿರಿಯವರೆಗೆ ತರುವ ಕಷ್ಟವನ್ನು ಅನುಭವಿಸಿದವರೇ ಬಲ್ಲರು.

ಶಸ್ತ್ರಕ್ರಿಯೆಯಾಗಿ ಈಗ ವರ್ಷದ ಮೇಲಾಯಿತು. ಸುರಪುರದ ಮೋಚಿಯೊಬ್ಬನು ಹೆಬ್ಬೆರಳಿನ ಜಾಗಕ್ಕೆ ಮೆತ್ತನೆಯ ತುಂಡನ್ನು ಕೂಡಿಸಿ ಮಾವನಿಗೆ ಚಪ್ಪಲಿ ಹೊಲಿದುಕೊಟ್ಟಿದ್ದಾನೆ. ಭತ್ತದ ಕೆಸರಿಗೆ ಆತನು ಇಳಿಯುವುದಿಲ್ಲ. ಬದುವಿನ ಮೇಲೆ ಕುಳಿತು ನಾಟಿಯವರ ಮೇಲೆ ಕೂಗಾಡುತ್ತಾನೆ. ಸಂಜೆ ಅವರು ಕಾಲುವೆಯಲ್ಲಿ ಕಾಲು ತೊಳೆಯುವಾಗ ಒಬ್ಬೊಬ್ಬರನ್ನೇ ಕರೆದು ಅಂಗಾಲು ತೋರಿಸೆನ್ನುತ್ತಾನೆ. ಹೆಂಗಸರು ನಾಚಿ ನಗುತ್ತಾರೆ. ಕಳೆದ ತಿಂಗಳು ಹೀಗೆಯೇ ಒಬ್ಬಳ ಹಿಮ್ಮಡಿಯಲ್ಲಿ ಕಪ್ಪು ಕಂಡು, ಯಾದಗಿರಿಗೆ ಹೋಗಲು ಬಸ್ಸಿನ ಹಣವನ್ನು ತಾನೇ ಕೊಟ್ಟು ಕಳಿಸಿದನಂತೆ. ಅದು ನಿಜವಾಗಿಯೂ ಮುಳ್ಳಾಗಿತ್ತು.

ಮುಂದಿನ ತಪಾಸಣೆ ಕಾರಹುಣ್ಣಿಮೆಯಾದ ಮೂರನೆಯ ದಿನ. ರಜೆಯ ಚೀಟಿಯನ್ನು ಬರೆದಿಟ್ಟುಕೊಂಡಿದ್ದೇನೆ.